ಹೊಗೆಯ ಬದಲು ಹಾಡು

ನಾನು ಬೆಳೆದ ಮನೆಯಲ್ಲಿ ದೊಡ್ಡ ಕೋಣೆ ಹುಳುಗಳದು, ಉಳಿದದ್ದು ನಮ್ಮದು. ರೇಷ್ಮೆ ಸಾಕುವ ಮನೆಗಳನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಾರದು. ಮಧುರೆ ಕಡೆಯ ನಮ್ಮ ಊರಿನಲ್ಲಿ ಆಗ ಸುಮಾರು ಮನೆಗಳು ಹೀಗೇ ಇದ್ದವು. ನಡುಮನೆಗೆ ಕಾಲಿಟ್ಟರೆ ಎಡಕ್ಕೆ ಹುಳುವಿನ ಕೋಣೆ, ಬಲಕ್ಕೆ ರಾಗಿ ಮೂಟೆ ಇಡುವ ಕತ್ತಲೆ ಕೋಣೆ, ಎದುರು ಗೋಡೆಯ ಗೂಡಿನಲ್ಲಿ ಮನೆದೇವರು ಚೌಡಮ್ಮನ ಹಿತ್ತಾಳೆಯ ಮುಖ. ಹುಳುವಿನ ಕೋಣೆಗೆ ಬಾಗಿಲಿರಲಿಲ್ಲ, ನೀರು ಚಿಮುಕಿಸಿದ ಗೋಣಿತಾಟು ಇಳಿಬಿಟ್ಟಿರುತ್ತಿತ್ತು. ಒಳಗೆ ಅಟ್ಟಣಿಗೆಯ ಮೇಲೆ ಬಿದಿರಿನ ತಟ್ಟೆಗಳು, ಇರುವೆ ಹತ್ತಬಾರದೆಂದು ಅಟ್ಟಣಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳು. ಹಿಪ್ಪುನೇರಳೆ ಸೊಪ್ಪು ಹಾಕಿದ ಕೂಡಲೇ ಹುಳುಗಳು ಮೇಯುವ ಸದ್ದು ಶುರುವಾಗುತ್ತಿತ್ತು. ಹೆಂಚಿನ ಮೇಲೆ ಜಡಿಮಳೆ ಹಿಡಿದ ಹಾಗೆ, ಒಂದೇ ಸಮನೆ. ನಾವು ಆ ಸದ್ದಿನೊಳಗೇ ಉಂಡೆವು, ಜಗಳವಾಡಿದೆವು, ಮಗ್ಗಿ ಬಾಯಿಪಾಠ ಮಾಡಿದೆವು. ನೆಂಟರು ಬಂದರೆ ಏನದು ಸದ್ದು ಎಂದು ಕೇಳುತ್ತಿದ್ದರು, ನಮಗೆ ಯಾವ ಸದ್ದು ಅನ್ನಿಸುತ್ತಿತ್ತು.

ಹುಳುವಿಗೆ ಮೂಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಜ್ಜಿಯ ಪ್ರಕಾರ ಅದಕ್ಕೆ ನಮಗಿಂತ ಚುರುಕಾದ ಮೂಗಿತ್ತು. ಮರಿ ತಂದ ದಿನದಿಂದ ಗೂಡು ಕಟ್ಟುವ ತನಕ, ಹೆಚ್ಚು ಕಡಿಮೆ ಒಂದು ತಿಂಗಳು, ಮನೆಯಲ್ಲಿ ಒಗ್ಗರಣೆಯಿಲ್ಲ, ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಬೀಡಿ ಸೇದಿ ಬಂದವರು ಜಗಲಿ ಹತ್ತುವ ಹಾಗಿಲ್ಲ. ಒಲೆಯನ್ನೇ ಹಿತ್ತಿಲ ಚಪ್ಪರಕ್ಕೆ ಸಾಗಿಸುತ್ತಿದ್ದೆವು. ಬೆಳಿಗ್ಗೆ ಮುದ್ದೆ, ಬೇಯಿಸಿ ಬಸಿದ ಸೊಪ್ಪಿನ ಸಾರು. ಸಂಜೆ ಮುದ್ದೆ, ಮೊಸರು. ಹತ್ತು ದಿನ ಕಳೆಯುವಷ್ಟರಲ್ಲಿ ಅಪ್ಪನಿಗೆ ಬಾಯಿ ಕೆಟ್ಟುಹೋಗುತ್ತಿತ್ತು.

"ಈ ಹುಳ ಗೂಡಿಗೆ ಹೋಗೋದ್ರೊಳಗೆ ನಾನೂ ಸೊಪ್ಪು ಮೇಯೋದು ಕಲೀತೀನಿ ನೋಡವ್ವ."

"ಮೇಯಿ. ಗೂಡು ಕಟ್ಟಿದ್ರೆ ನಿನ್ನೂ ತೂಕಕ್ಕೆ ಹಾಕ್ತೀನಿ," ಎನ್ನುತ್ತಿದ್ದಳು ಅಜ್ಜಿ, ಮುದ್ದೆಯಿಂದ ಕೈ ತೆಗೆಯದೆ.

ಅಡುಗೆಗೆ ಇದ್ದ ನಿಯಮವೇ ದೇವರಿಗೂ. ಊದುಬತ್ತಿ, ಕರ್ಪೂರ, ಸಾಂಬ್ರಾಣಿ ಎಲ್ಲಕ್ಕೂ ಆ ತಿಂಗಳು ರಜೆ. ತುಪ್ಪದ ಒಂದು ಸಣ್ಣ ದೀಪ, ಅದೂ ಉರಿ ನೆಟ್ಟಗಿದ್ದರೆ ಮಾತ್ರ. ಹೊಗೆ ಕೊಡಲಾಗದ ಅಷ್ಟೂ ದಿನ ಚೌಡಮ್ಮನಿಗೆ ಒಂದು ಹಾಡು ಕೊಡಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಹೊಗೆಹಾಡು ಎಂದೇ ಹೆಸರು. ಸಂಜೆ ದೀಪ ಹಚ್ಚಿ, ಮಂಗಳಾರತಿ ತಟ್ಟೆಯನ್ನು ಬರಿದಾಗಿಯೇ ಕೈಯಲ್ಲಿ ಹಿಡಿದು, ಕರ್ಪೂರ ಉರಿಯುತ್ತಿದೆಯೇನೋ ಅನ್ನುವ ಹಾಗೆ ಮೆಲ್ಲಗೆ ಸುತ್ತಿಸುತ್ತ ಅಜ್ಜಿ ಹಾಡುತ್ತಿದ್ದಳು:

ಹೂವ ಮುಡಿಸುವೆನಮ್ಮ, ಹೊಗೆಯ ಕೇಳಲು ಬ್ಯಾಡ
ಹಾಲುಂಡ ಕೂಸಂಗೆ ಹುಳ ಮಲಗ್ಯಾವೆ, ನಮ್ಮವ್ವ
ಹಾಡ ತಂದಿವ್ನಿ ಒಳಗೆ ಬಾ

ಇಂಥವು ಐದು ನುಡಿ. ಒಂದೊಂದರಲ್ಲೂ ಏನೋ ಒಂದು ಕೊಡಲಾಗುವುದಿಲ್ಲ ಎಂದು ಹೇಳಿ ಇನ್ನೇನೋ ಕೊಡುವುದು. ಹಾಡು ಮುಗಿದ ಮೇಲೆ ನಾವು ಬರಿದಾದ ತಟ್ಟೆಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಬಿಸಿ ಇರುತ್ತಿರಲಿಲ್ಲ, ಆದರೂ ಕೈ ಬೆಚ್ಚಗಾಗುತ್ತಿತ್ತು. ಇವತ್ತು ನಾನು ದೇವರ ಮುಂದೆ ಕೂತಾಗ ಏನು ನಂಬುತ್ತೇನೋ ಅದನ್ನೆಲ್ಲ ಕಲಿತದ್ದು ಆ ತಟ್ಟೆಯ ಮುಂದೆ. ಇಲ್ಲದ್ದನ್ನು ಇಲ್ಲ ಎಂದು ಹೇಳಿಯೂ ಅವಳನ್ನು ಒಳಗೆ ಕರೆಯಬಹುದು ಅನ್ನುವುದನ್ನು.

ಆದರೆ ಆ ಹಾಡಿಗೊಂದು ಕಟ್ಟಳೆಯಿತ್ತು. ಅತ್ತೆ ಸೊಸೆಗೆ ಹೇಳಿಕೊಡಬೇಕು, ಮಗಳಿಗೆ ಹೇಳಿಕೊಡಬಾರದು. ಮಗಳು ಬೇರೆ ಮನೆಗೆ ಹೋಗುವವಳು, ಹಾಡು ಮನೆಯಲ್ಲೇ ಇರಬೇಕಾದ್ದು. ನಮ್ಮಮ್ಮ ಹಿರಿಸೊಸೆ, ಅವಳಿಗೆ ಬರಬೇಕಿತ್ತು. ಅಮ್ಮನ ಕೈಯಲ್ಲಿ ಸಾಕಿದ ಹುಳು ಒಂದೂ ಕೆಡುತ್ತಿರಲಿಲ್ಲ, ಬಾಯಿಗೆ ಬಂದ ಹಾಡು ಒಂದೂ ಉಳಿಯುತ್ತಿರಲಿಲ್ಲ. ಅಜ್ಜಿ ಎರಡು ಬೆಳೆ ಪ್ರಯತ್ನಪಟ್ಟು ಕೈಬಿಟ್ಟಳು. ನಾನು ಮಾತು ಬಂದಾಗಿನಿಂದ ಅಜ್ಜಿಯ ಸೆರಗು ಹಿಡಿದು ಕೇಳುತ್ತಿದ್ದೆ. ಅವಳು ಹಾಡುವಾಗ ತುಟಿ ಅಲ್ಲಾಡಿಸಿದರೂ ತಲೆಗೊಂದು ಮೊಟಕು ಬೀಳುತ್ತಿತ್ತು.

"ನಿಂಗ್ಯಾಕೆ ಅದು? ನಿನ್ನ ಅತ್ತೆ ಮನೇಲಿ ಇನ್ನೇನೋ ಇರ್ತದೆ, ಕಲ್ತ್ಕೋ ಹೋಗು."

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನಿಗೆ ಮದುವೆಯಾಯಿತು. ಚಿಕ್ಕಮ್ಮ ಸುನಂದ ಹೊಸಕೋಟೆಯವಳು, ತರಕಾರಿ ವ್ಯಾಪಾರದವರ ಮನೆಯ ಹುಡುಗಿ. ಹುಳುವನ್ನು ಕಂಡವಳೇ ಅಲ್ಲ. ಬಂದ ಎರಡನೇ ದಿನ ಹಿತ್ತಿಲ ಒಲೆಯನ್ನು ಬಿಟ್ಟು, ಒಳಗೆ ಸೀಮೆಎಣ್ಣೆ ಸ್ಟೌ ಹಚ್ಚಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಹೊರಟಳು. ಅಜ್ಜಿ ಓಡಿಬಂದು ಒಂದು ಚೊಂಬು ನೀರನ್ನು ಸ್ಟೌ ಮೇಲೆ ಸುರಿದಳು. ಚಿಕ್ಕಮ್ಮನಿಗೆ ಅಳು ಬರಬೇಕಿತ್ತು, ನಗು ಬಂತು. ಆ ನಗು ನನಗೆ ಬಹಳ ಇಷ್ಟವಾಯಿತು. ನಾನು ಅವಳ ಬಾಲವಾದೆ. ಅವಳ ಟ್ರಂಕಿನಲ್ಲಿ ಏನೇನಿದೆ ಎಂದು ಚಿಕ್ಕಪ್ಪನಿಗಿಂತ ಮೊದಲು ನನಗೆ ಗೊತ್ತಾಯಿತು: ಎರಡು ಸೀರೆ, ಒಂದು ಕನ್ನಡಿ, ತಲೆಸ್ನಾನ ಮಾಡಿದ ಮೇಲೆ ಕೂದಲಿಗೆ ಹೊಗೆ ಹಿಡಿಯಲೆಂದು ಅವಳಮ್ಮ ಕಟ್ಟಿಕೊಟ್ಟ ಒಂದು ಡಬ್ಬಿ ಸಾಂಬ್ರಾಣಿ. ಈ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಅವಳು ಡಬ್ಬಿಯನ್ನು ಸೀರೆಗಳ ಕೆಳಗೆ ಇಟ್ಟುಬಿಟ್ಟಳು.

ಅವಳಿಗೆ ಕಂಠವಿತ್ತು. ಆ ಹೊತ್ತಿಗೆ ಅಜ್ಜಿಗೆ ಉಬ್ಬಸ ಹೆಚ್ಚಾಗಿ ಐದನೇ ನುಡಿ ಮುಟ್ಟುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಒಂದು ಸಂಜೆ ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಹೇಳಿಕೊಟ್ಟಳು. ನನ್ನನ್ನು ಕಾಳು ಕೇರಲು ಹಿತ್ತಿಲಿಗೆ ಕಳಿಸಿದ್ದಳು. ಮೊರ ಹಿಡಿದು ನಿಂತೇ ಎಲ್ಲ ಕೇಳಿಸಿಕೊಂಡೆ. ಚಿಕ್ಕಮ್ಮ ಮೂರೇ ಸಲಕ್ಕೆ ಕಲಿತಳು. ನಿನ್ನೆ ಮೊನ್ನೆ ಬಂದವಳಿಗೆ ಸಿಕ್ಕಿತು, ಹುಟ್ಟಿದಾಗಿನಿಂದ ಕೇಳುತ್ತಿದ್ದ ನನಗೆ ಇಲ್ಲ. ಮಕ್ಕಳ ಸಂಕಟ ಎಂದು ದೊಡ್ಡವರು ನಗುತ್ತಾರೆ. ನನಗೆ ಅರವತ್ತು ದಾಟಿದೆ, ಅಷ್ಟು ಸಂಕಟವನ್ನು ಮತ್ತೆ ಎಷ್ಟು ಸಲ ಪಟ್ಟಿದ್ದೇನೆ ಎಂದು ಬೆರಳು ಮಡಿಚಿ ಹೇಳಬಲ್ಲೆ.

ಅದಾಗಿ ವಾರವೂ ಆಗಿರಲಿಲ್ಲ. ಶುಕ್ರವಾರ. ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ಬೆರಳುದ್ದ ಬೆಳೆದು, ಹಗಲೂ ಇರುಳೂ ಮೇಯುವ ಕಾಲ. ಮಧ್ಯಾಹ್ನ ಮೋಡ ಕವಿಯಿತು. ಒದ್ದೆ ಸೊಪ್ಪು ತಿಂದರೆ ಹುಳು ಕೆಡುತ್ತದೆ, ಮಳೆ ಬೀಳುವ ಮೊದಲು ಕೊಯ್ದುಬಿಡಬೇಕೆಂದು ಎಲ್ಲರೂ ತೋಟಕ್ಕೆ ಓಡಿದರು, ಅಜ್ಜಿಯೂ. ಚಿಕ್ಕಮ್ಮ ಆಗಷ್ಟೇ ತಲೆಸ್ನಾನ ಮುಗಿಸಿದ್ದಳು, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ಹೊರಟಳು. ಹಲ್ಲಿ, ಇಲಿ ನೋಡಿಕೊಂಡು ಮನೆ ಕಾಯಲು ನಾನೊಬ್ಬಳು.

ನಾನು ಟ್ರಂಕು ತೆಗೆದೆ. ಹಿತ್ತಿಲ ಒಲೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತಂದೆ. ಚೌಡಮ್ಮನ ಮುಂದಿಟ್ಟು ಒಂದು ಚಿಟಿಕೆ ಸಾಂಬ್ರಾಣಿ ಹಾಕಿದೆ, ಆಮೇಲೆ ಒಂದು ಹಿಡಿ. ನನ್ನ ಲೆಕ್ಕ ಸರಳವಾಗಿತ್ತು. ಎಲ್ಲರೂ ಅವಳಿಗೆ ಹೊಗೆ ತಪ್ಪಿಸಿದ್ದಾರೆ, ನಾನೊಬ್ಬಳು ಕೊಟ್ಟರೆ ಅವಳು ನನ್ನ ಕಡೆ ಆಗುತ್ತಾಳೆ. ಕಣ್ಣು ಮುಚ್ಚಿ ಕೇಳಿದೆ, ಅಮ್ಮಾ, ಆ ಹಾಡು ನನಗೆ ಕೊಡಿಸು. ಕಣ್ಣು ತೆರೆದಾಗ ದೇವರ ಗೂಡು ಕಾಣದಷ್ಟು ಬೆಳ್ಳಗಾಗಿತ್ತು. ಮೊರ ತಂದು ಬೀಸಿದೆ. ಹೊಗೆ ಹೊರಬಾಗಿಲ ಕಡೆ ಹೋಗಲಿಲ್ಲ, ಎಡಕ್ಕೆ ತಿರುಗಿ ಗೋಣಿತಾಟಿನ ಅಂಚಿನಿಂದ ಒಳಗೆ ಹರಿಯಿತು. ಇನ್ನೂ ಜೋರಾಗಿ ಬೀಸಿದೆ. ಆಗ ಮೇಯುವ ಸದ್ದು ನಿಂತಿತು. ಹುಳು ಎದ್ದಿರುವಾಗ ಆ ಮನೆಯನ್ನು ಸದ್ದಿಲ್ಲದೆ ಕೇಳಿದ್ದು ಅದೇ ಮೊದಲು. ನನ್ನ ಉಸಿರು ನನಗೇ ಕೇಳಿಸಿತು. ಕೆಂಡವನ್ನು ತಿಪ್ಪೆಗೆ ಎಸೆದು, ಡಬ್ಬಿಯನ್ನು ಟ್ರಂಕಿಗೆ ಹಾಕಿ, ಜಗಲಿಯ ಮೇಲೆ ಕೂತು ಕಲ್ಲಾಟ ಆಡತೊಡಗಿದೆ. ಐದು ಕಲ್ಲಿನಲ್ಲಿ ಒಂದೂ ಕೈಗೆ ಸಿಗುತ್ತಿರಲಿಲ್ಲ.

ತೋಟದಿಂದ ಬಂದ ಅಜ್ಜಿ ಹೊಸಿಲಲ್ಲೇ ನಿಂತುಬಿಟ್ಟಳು. ತಾಟು ಸರಿಸಿದಳು. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು, ಕೆಲವು ಹಸಿರು ನೀರು ಕಕ್ಕಿಕೊಂಡಿದ್ದವು. ಬೆಳಗಾಗುವಷ್ಟರಲ್ಲಿ ಮುಕ್ಕಾಲು ಪಾಲು ಮೆತ್ತಗಾಗಿ ಮಲಗಿದವು. ಅಪ್ಪನೂ ಚಿಕ್ಕಪ್ಪನೂ ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ ಬಂದರು. ಆದರೆ ವಿಚಾರಣೆ ಆ ಸಂಜೆಯೇ ಮುಗಿದುಹೋಗಿತ್ತು. ಆ ತಿಂಗಳು ಮನೆಯಲ್ಲಿದ್ದ ಸಾಂಬ್ರಾಣಿ ಡಬ್ಬಿ ಒಂದೇ, ಅದು ಚಿಕ್ಕಮ್ಮನದು. ಹಿಂದೆ ಉಳಿದವಳು ಚಿಕ್ಕಮ್ಮ. ಟವೆಲು ಸುತ್ತಿದ ಒದ್ದೆ ಕೂದಲೂ ಅವಳದೇ. ಅಜ್ಜಿ ಮೊದಲು ನನ್ನನ್ನು ಕೇಳಿದಳು.

"ನೀನೆಲ್ಲಿದ್ದೆ?"

"ಹೊರಗಿದ್ದೆ. ಕಲ್ಲಾಟ ಆಡ್ತಿದ್ದೆ."

ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿದಳು. "ತಲೆಗೆ ಹೊಗೆ ಹಿಡ್ಕೊಂಡ್ಯಾ?"

ಚಿಕ್ಕಮ್ಮ ಇಲ್ಲ ಎನ್ನಲು ಬಾಯಿ ತೆಗೆದಳು. ಅವಳ ಕಣ್ಣು ನನ್ನ ಕೈಯ ಮೇಲಿತ್ತು. ಉಗುರಿನ ಸಂದಿಯಲ್ಲಿ ಬೂದಿ, ಹೆಬ್ಬೆರಳ ಮೇಲೆ ಚಿಪ್ಪು ತಾಕಿ ಎದ್ದ ಬೊಬ್ಬೆ. ನಾನು ಕೈಯನ್ನು ಲಂಗದ ಹಿಂದಕ್ಕೆ ಎಳೆದುಕೊಂಡೆ.

"ಹೂಂ ಅತ್ತೆ," ಎಂದಳು.

ಚಿಕ್ಕಪ್ಪ ಒಂದೇ ಮಾತು ಕೇಳಿದ್ದು, "ಯಾಕೆ ಹಿಂಗ್ ಮಾಡ್ದೆ?" ಅವಳು ತಟ್ಟೆಗಳಿಂದ ಕೆಟ್ಟ ಹುಳುಗಳನ್ನು ಆರಿಸತೊಡಗಿದಳು. ಮುಂದಿನ ಬೆಳೆ ಎದ್ದು ನಿಲ್ಲುವ ತನಕ ಅವಳು ತವರಿನಲ್ಲಿರಲಿ, ಅಷ್ಟರಲ್ಲಿ ಬುದ್ಧಿ ಬರುತ್ತದೆ ಎಂದು ಅಜ್ಜಿ ತೀರ್ಮಾನಿಸಿದಳು. ಮದುವೆಯಾಗಿ ಮೂರು ತಿಂಗಳ ಹುಡುಗಿಯನ್ನು ಟ್ರಂಕಿನ ಸಮೇತ ತವರಿಗೆ ಕಳಿಸಿದರೆ ಹೊಸಕೋಟೆಯ ಓಣಿಯಲ್ಲಿ ಜನ ಏನೆಂದಾರು ಎನ್ನುವುದು ನನಗೆ ಅರ್ಥವಾದದ್ದು ನಾನು ಮದುವೆಯಾದ ಮೇಲೆ.

ಹೊರಡುವ ದಿನ ಬೆಳಿಗ್ಗೆ ಅವಳು ನನ್ನನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ತಲೆ ಬಾಚಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಸುಮ್ನಿರು. ನಂಗೆ ಬೈದ್ರೆ ತವರಿಗೆ ಹೋಗ್ತೀನಿ. ನಿಂಗೆ ಬೈದ್ರೆ ನೀನೆಲ್ಲಿಗೆ ಹೋಗ್ತೀಯಾ?"

ಆಮೇಲೆ, ಸಿಕ್ಕು ಬಿಡಿಸುತ್ತ, "ಅತ್ತೆಗೆ ಉಬ್ಬಸ. ನಿಮ್ಮಮ್ಮಂಗೆ ಬರಲ್ಲ. ನಾನಿರಲ್ಲ. ಆ ತಾಯಿಗೆ ಯಾರಾದ್ರೂ ಹೇಳ್ಬೇಕಲ್ಲ. ನನ್ ಹಿಂದೆ ಹೇಳು," ಎಂದಳು. ಎರಡು ಜಡೆ ಹೆಣೆಯುವಷ್ಟರಲ್ಲಿ ಐದೂ ನುಡಿ ನನ್ನ ಬಾಯಲ್ಲಿದ್ದವು.

ಕೇಳಿದ್ದನ್ನು ಚೌಡಮ್ಮ ಕೊಟ್ಟಳು. ನನ್ನ ತೊಂದರೆ ಅದೇ. ಕೊಡದೆ ಇದ್ದಿದ್ದರೆ ತಪ್ಪು ಮಾಡಿದೆ, ಶಿಕ್ಷೆಯಾಯಿತು ಎಂದು ಮರೆತು ಬೆಳೆಯುತ್ತಿದ್ದೆ. ಮುಂದಿನ ಬೆಳೆ ಬಂದಾಗ ಹಾಡುವವರು ಬೇರೆ ಯಾರೂ ಇರಲಿಲ್ಲ. ಕೇಳಿ ಕೇಳಿ ನನಗೆ ಬಂದಿರಬೇಕು ಎಂದು ಅಜ್ಜಿ ಕಟ್ಟಳೆಯನ್ನು ನುಂಗಿಕೊಂಡು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಒಂದು ನುಡಿಯೂ ತಪ್ಪದೆ ಹಾಡಿದೆ. ಅಜ್ಜಿ ಕಣ್ಣೊರೆಸಿಕೊಂಡು, ಹೆಣ್ಣಂದ್ರೆ ಹಿಂಗಿರ್ಬೇಕು ಎಂದು ಅಮ್ಮನಿಗೆ ಹೇಳಿದಳು. ಆ ಬೆಳೆ ಚೆನ್ನಾಗಿ ಎದ್ದಿತು. ಅದಕ್ಕೂ ಹೆಸರು ನನಗೇ ಬಂತು. ನಾನು ನಿಜ ಹೇಳಬಹುದಿತ್ತು. ಆ ಸಂಜೆ, ಮಾರನೆಯ ದಿನ, ಚಿಕ್ಕಮ್ಮ ಒಂದು ಬೆಳೆಗೆಂದು ಹೋಗಿ ಏಳು ತಿಂಗಳ ಮೇಲೆ ತೆಳ್ಳಗಾಗಿ ವಾಪಸು ಬಂದ ದಿನ, ಅಜ್ಜಿ ಕೊನೆಯುಸಿರಿನಲ್ಲಿ ಇನ್ನೊಂದು ಸಲ ಹಾಡು ಎಂದ ದಿನ. ಪ್ರತಿ ಸಲವೂ ಹಾಡಿದೆ, ಹೇಳಲಿಲ್ಲ. ಚಿಕ್ಕಮ್ಮ ಬಂದ ಮೇಲೆ ಅಜ್ಜಿ ತಟ್ಟೆಯನ್ನು ಅವಳ ಮುಂದೆ ಹಿಡಿದಿದ್ದುಂಟು. "ಮರ್ತೋಯ್ತು ಅತ್ತೆ," ಎಂದು ಅವಳು ಸೊಪ್ಪು ಕತ್ತರಿಸಲು ಎದ್ದುಹೋದಳು. ಮೂರು ಸಲಕ್ಕೆ ಕಲಿತವಳು ಹೇಗೆ ಮರೆಯುತ್ತಾಳೆ.

ಹೀಗೆ ಮನೆಯಲ್ಲಿ ಉಳಿಯಬೇಕಾಗಿದ್ದ ಹಾಡು ನನ್ನ ಜೊತೆ ಗಂಡನ ಊರು ಬೂದಿಗೆರೆಗೆ ಬಂತು. ಇಲ್ಲಿ ಹುಳುವಿಲ್ಲ, ಊದುಬತ್ತಿಗೆ ಯಾರ ಅಡ್ಡಿಯೂ ಇಲ್ಲ. ಆದರೂ ದಿನಕ್ಕೊಮ್ಮೆ ಆ ಹಾಡು ಹೇಳದೆ ನನಗೆ ಅನ್ನ ಇಳಿಯುವುದಿಲ್ಲ. ಇಷ್ಟದ ಹಾಡು ಯಾವುದು ಎಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಹೇಳುವುದು ಅದನ್ನೇ. ಮೂರು ಹೆರಿಗೆಯಲ್ಲಿ ಹಲ್ಲು ಕಚ್ಚಿ ಹಿಡಿದದ್ದು ಅದನ್ನೇ. ಹಿರಿಯ ಮಗಳಿಗೆ ಜ್ವರ ನೆತ್ತಿಗೇರಿದಾಗ, ಗಂಡ ಲೂನಾದಿಂದ ಬಿದ್ದು ಕಾಲು ಮುರಿದುಕೊಂಡಾಗ, ಬಾವಿಯಲ್ಲಿ ನೀರು ಸಿಕ್ಕಾಗ, ಎಲ್ಲಕ್ಕೂ ಅದೇ ಹಾಡು. ಸಿಕ್ಕಿದ ಒಂದೊಂದು ಸಣ್ಣ ಕೃಪೆಯನ್ನೂ ಅದರ ಐದು ನುಡಿಗಳಿಗೆ ಕಟ್ಟಿಹಾಕಿದ್ದೇನೆ. ಆದರೆ ಕೂತು ಹಾಡಲು ನನಗಾಗುವುದಿಲ್ಲ. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಓಡಾಡುತ್ತ ಹಾಡುತ್ತೇನೆ.

"ದೇವ್ರಿಗೂ ಕತ್ತು ನೋಯ್ತದೆ ಮಾರಾಯ್ತಿ. ಒಂದ್ಕಡೆ ನಿಂತ್ಕೊಂಡಾದ್ರೂ ಹೇಳು," ಎನ್ನುತ್ತಾರೆ ಇವರು.

ಇನ್ನೊಂದು ಸಂಗತಿಯೂ ಮುಗಿದಿರಲಿಲ್ಲ. ನಮ್ಮ ಕಡೆಯ ಯಾವ ಮದುವೆ, ಗೃಹಪ್ರವೇಶದಲ್ಲಾದರೂ ಊದುಬತ್ತಿ ಹಚ್ಚುವ ಹೊತ್ತಿಗೆ ಚಿಕ್ಕಪ್ಪ ಒಂದು ಮಾತು ಹೇಳಿಯೇ ಹೇಳುತ್ತಿದ್ದರು. "ಬೆಂಕಿಪೊಟ್ಣ ನಮ್ಮೋಳ ಕೈಗೆ ಕೊಡಬೇಡ್ರಪ್ಪ, ಹುಳ ಸಾಯ್ತವೆ." ಎಲ್ಲರೂ ನಗುತ್ತಿದ್ದರು. ಚಿಕ್ಕಮ್ಮನೂ ನಗುತ್ತಿದ್ದಳು. ಹುಳು ಹೋಯಿತು, ಹಿಪ್ಪುನೇರಳೆ ತೋಟ ಹೋಗಿ ಸೈಟಾಯಿತು, ತಮಾಷೆ ಉಳಿಯಿತು. ಹೋದ ವರ್ಷ ಒಂದು ನಾಮಕರಣದಲ್ಲಿ, ಮದುವೆಯಾಗಿ ಬಂದ ಹೊಸ ಹುಡುಗಿಯೊಬ್ಬಳು ಏನದು ಕಥೆ ಎಂದು ಕೇಳಿದಳು. ಚಿಕ್ಕಪ್ಪ ಮೊದಲಿಂದ ಹೇಳಿದರು, ಒದ್ದೆ ಕೂದಲು, ಡಬ್ಬಿ, ಎಲ್ಲ. ಹುಡುಗಿ ಚಿಕ್ಕಮ್ಮನನ್ನು ನೋಡಿ ಪಾಪ ಎನ್ನುವ ಹಾಗೆ ನಕ್ಕಳು. ಚಿಕ್ಕಮ್ಮನಿಗೆ ಎಪ್ಪತ್ತೈದರ ಮೇಲಾಗಿದೆ. ಅವಳು ಹೋದ ಮೇಲೂ ಆ ಮನೆಯಲ್ಲಿ ಅವಳ ನೆನಪು ಎಂದರೆ ಇದೇ ಆಗಿರುತ್ತದೆ ಎಂದು ನನಗೆ ಅಲ್ಲಿ, ಎಲೆಯ ಮುಂದೆ ಹೊಳೆಯಿತು. ಅನ್ನ ಕಲಸಿದ ಕೈ ಹಾಗೇ ನಿಂತಿತು. ಅದಾದ ಮೇಲೆ ಆರು ವಾರ ಹಾಡು ಮಧ್ಯದಲ್ಲೇ ನಿಂತುಹೋಗುತ್ತಿತ್ತು. ಏಳನೆಯ ವಾರ ತವರಿನ ಬಸ್ಸು ಹತ್ತಿದೆ.

ಅವರೆಕಾಯಿ ಕಾಲ. ಚಿಕ್ಕಮ್ಮ ಅಂಗಳದಲ್ಲಿ ಕೂತು ನೆನೆದ ಅವರೆಕಾಳನ್ನು ಹಿಸುಕಿ ಬೇಳೆ ಮಾಡುತ್ತಿದ್ದಳು. ಚಿಕ್ಕಪ್ಪ ಪಕ್ಕದ ಕುರ್ಚಿಯಲ್ಲಿ ಬಿಸಿಲು ಕಾಯುತ್ತಿದ್ದರು. ನಾನೂ ಕೂತು ಒಂದು ಹಿಡಿ ತೆಗೆದುಕೊಂಡೆ. ಕಾಫಿ ಆಯಿತು, ಮಕ್ಕಳ ವಿಚಾರ ಆಯಿತು. ಇನ್ನೂ ತಡಮಾಡಿದರೆ ಮತ್ತೆ ಹಾಗೇ ಎದ್ದು ಬರುತ್ತೇನೆ ಎನ್ನಿಸಿ, ತಲೆಯೆತ್ತದೆ ಹೇಳಿದೆ.

"ಚಿಕ್ಕಪ್ಪ, ಅವತ್ತು ಸಾಂಬ್ರಾಣಿ ಹಾಕಿದ್ದು ನಾನು. ಚಿಕ್ಕಮ್ಮ ಅಲ್ಲ."

ಚಿಕ್ಕಮ್ಮನ ಬೆರಳು ನಿಲ್ಲಲಿಲ್ಲ. "ಏನ್ ಮಾತೆ ಅದು, ಈಗ್ಯಾಕೆ?" ಎಂದಳು, ಗದರಿಸುವ ಹಾಗೆ. ಚಿಕ್ಕಪ್ಪ ನಕ್ಕರು.

"ಬುಡು ಬುಡು. ಪೂಜೆ ಪುನಸ್ಕಾರ ಮಾಡೋಳು ನೀನು, ಅವಳ ತಪ್ಪು ನಿನ್ ತಲೆ ಮ್ಯಾಲೆ ಹಾಕ್ಕೊಂಡು ಪುಣ್ಯ ಮಾಡ್ಕೋತೀಯೇನು?"

ನಂಬಿಸಲು ನಾನು ಎಲ್ಲವನ್ನೂ ಹೇಳಬೇಕಾಯಿತು. ಚಿಪ್ಪು, ಕೆಂಡ, ಮೊರ, ಕೇಳಿಕೊಂಡ ವರ. ಹೆಬ್ಬೆರಳಿನ ಮಚ್ಚೆಯಂಥ ಗುರುತನ್ನು ತೋರಿಸಿದೆ. ಅರ್ಧ ಕೇಳುವಷ್ಟರಲ್ಲಿ ಚಿಕ್ಕಪ್ಪನ ನಗು ಹೋಗಿತ್ತು. ಅವರು ಹೆಂಡತಿಯ ಕಡೆ ತಿರುಗಿದರು.

"ಇಷ್ಟ್ ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ," ಎಂದಳು ಚಿಕ್ಕಮ್ಮ. "ಯಾಕ್ ಮಾಡ್ದೆ ಅಂದ್ರಿ. ಮಾಡ್ದ್ಯಾ ಅಂತ ಕೇಳ್ಲೇ ಇಲ್ಲ."

ಚಿಕ್ಕಪ್ಪ ಕುರ್ಚಿಯಿಂದ ಇಳಿದು, ಮಂಡಿ ಹಿಡಿದುಕೊಂಡು, ನೆಲದ ಮೇಲೆ ಅವಳ ಪಕ್ಕ ಕೂತರು. ಪಾತ್ರೆಯಿಂದ ಕಾಳು ತೆಗೆದು ಹಿಸುಕತೊಡಗಿದರು. ಅಭ್ಯಾಸವಿಲ್ಲದ ಕೈ, ಬೇಳೆ ಹಾರಿ ಹಾರಿ ಅಂಗಳಕ್ಕೆ ಬೀಳುತ್ತಿತ್ತು. ಚಿಕ್ಕಮ್ಮ ಒಂದೊಂದನ್ನೇ ಹೆಕ್ಕಿ ಪಾತ್ರೆಗೆ ಹಾಕಿದಳು. ಊಟ ಬಡಿಸುವಾಗ ಚಿಕ್ಕಪ್ಪ, "ನೀನೂ ಕೂತ್ಕೋ," ಎಂದರು. ಅವಳು ಅವರ ಜೊತೆಗೇ ಕೂತು ಉಂಡಳು.

ಸಂಜೆ ಚಿಕ್ಕಮ್ಮ ಬಸ್‌ಸ್ಟಾಪಿನ ತನಕ ಬಂದಳು. ದಾರಿಯುದ್ದಕ್ಕೂ ನನಗೆ ಬೈದಳು, ಮುದುಕನ ಮನಸ್ಸು ಯಾಕೆ ಕದಡಿದೆ, ಇದ್ದ ಹಾಗೆ ಇದ್ದಿದ್ದರೆ ಏನಾಗುತ್ತಿತ್ತು ಎಂದು. ಎದೆಯಲ್ಲಿ ಇಳಿಯಬೇಕಾದ್ದು ಇಳಿದಿರಲಿಲ್ಲ. ಬಾಯಿ ಬಿಟ್ಟರೆ ಹಗುರಾಗುತ್ತದೆ ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ, ಕಾಲು ಇನ್ನೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸಿನ ದೀಪ ತಿರುವಿನಲ್ಲಿ ಕಂಡಾಗ ಅವಳು ಬೈಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹಗುರಾಯ್ತಾ?"

"ಇಲ್ಲ ಚಿಕ್ಕಮ್ಮ."

"ನಂಗಾಯ್ತು ಕಣೆ," ಎಂದಳು, ಬಸ್ಸಿಗೆ ಕೈ ಅಡ್ಡ ಹಿಡಿಯುತ್ತ.